ದಂಡೆಯ ಮೇಲೆ ಕೇಳಿದ ಪ್ರಶ್ನೆ

ಎಪ್ಪತ್ತರ ದಶಕದ ಬಹುಪಾಲು ನಾನು ಬೇರೆಯವರ ಹೊಲಗಳಲ್ಲಿ ನಡೆದಾಡಿಕೊಂಡಿದ್ದೆ. ಮೋಜಣಿದಾರನ ಕೆಲಸ, ಅಂದರೆ ಸರಪಳಿ ಎಳೆದು ಹೊಲ ಅಳೆಯುವ ಸರಕಾರಿ ನೌಕರಿ. ಹುಟ್ಟಿದ್ದು ಇಂಡಿ. ತಿರುಗಿದ್ದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕೂ ತಾಲ್ಲೂಕು. ಅಣ್ಣತಮ್ಮಂದಿರು ಬದುವಿನ ಆಚೆ ಈಚೆ ನಿಂತು ಒಬ್ಬರ ತಾಯಿಯನ್ನು ಇನ್ನೊಬ್ಬರು ಬೈಯುವಾಗ, ಇಬ್ಬರ ತಾಯಿಯೂ ಒಬ್ಬಳೇ ಎಂಬುದನ್ನು ಮರೆತಂತೆ ನಟಿಸುತ್ತ ನಡುವೆ ಸರಪಳಿ ಹಾಸುವುದು ನನ್ನ ದಿನದ ಕೆಲಸ. ಯಾರಾದರೂ "ನಾಕ ಬೆರಳು ಅತ್ತಾಗ ಸರಸ್ರಿ" ಎಂದರೆ ಸಿಟ್ಟು ನೆತ್ತಿಗೇರುತ್ತಿತ್ತು. ಅಳತೆಯಲ್ಲಿ ನಾನು ಒಬ್ಬರಿಗೂ ನಾಲ್ಕು ಬೆರಳು ಮೋಸ ಮಾಡಿದವನಲ್ಲ. ಹೊಗಳಿಕೊಳ್ಳಲಿಕ್ಕೆ ಇದನ್ನು ಹೇಳುತ್ತಿಲ್ಲ. ನಾನು ಮಾಡಿದ ತಪ್ಪು ಅಳತೆಯದಲ್ಲ, ಅಷ್ಟೇ.

ಮುದ್ದೇಬಿಹಾಳ ತಾಲ್ಲೂಕಿನ ಮೂಡಣ ಅಂಚಿನಲ್ಲಿ, ತಾಳಿಕೋಟಿಯ ಕಡೆಗೆ, ಮಣ್ಣಿನ ಹೊದಿಕೆ ತೆಳು. ಮೊಣಕಾಲುದ್ದ ಅಗೆದರೆ ಫರಶಿ ಕಲ್ಲು ಸಿಗುತ್ತದೆ; ಅದನ್ನೇ ಹಾಳೆ ಹಾಳೆಯಾಗಿ ಸೀಳಿ ಮನೆಗಳಿಗೆ ಹಾಸುತ್ತಾರೆ. ಆ ಹಳ್ಳಿಗಳ ಬಾವಿಯ ನೀರು ಸವಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಎರಡು ವರ್ಷ ಬರ ಬಿದ್ದು, ಮೂರನೆಯ ವರ್ಷ ಮಳೆ ಹಿಡಿದುಕೊಂಡು ಹೊಡೆಯಿತು. ಆ ಮಳೆಗಾಲದ ಕೊನೆಗೆ ಒಂದು ಮುಂಜಾನೆ, ರಸ್ತೆಯಿಂದ ಕೂಗಳತೆ ದೂರದ ಒಂದು ಹೊಲದ ನಟ್ಟನಡುವೆ ನೆಲ ಕುಸಿದು ಒಳಗೆ ಹೋಯಿತು. ಹೊಲದ ಒಡತಿ ಆಗ ಇನ್ನೊಂದು ತುದಿಯಲ್ಲಿ ಕಳೆ ತೆಗೆಯುತ್ತಿದ್ದಳಂತೆ. ಲಾರಿಯಿಂದ ಕಲ್ಲು ಸುರಿದಂಥ ಸದ್ದು ಕೇಳಿ ತಿರುಗಿ ನೋಡಿದರೆ ಹತ್ತಾರು ಸಾಲು ತೊಗರಿ ಇದ್ದ ಜಾಗದಲ್ಲಿ ಬರೀ ಧೂಳು ಏಳುತ್ತಿತ್ತು.

ಎಂಟು ದಿನದಲ್ಲಿ ಆ ತಗ್ಗಿಗೆ ಕೆಳಗಿನಿಂದ ನೀರು ಬಂದು ನಿಂತಿತು. ಮೊದಲು ಒಬ್ಬ ಕುರಿ ಕಾಯುವವ ಬೊಗಸೆಯಲ್ಲಿ ಕುಡಿದು ನೋಡಿದ. ಸಿಹಿ ನೀರು. ಒಡತಿಯ ಗಂಡ ಕಲ್ಲಿನ ಗಣಿಯಲ್ಲಿ ಫರಶಿ ಸೀಳುವ ಕೆಲಸದವ, ಮಾತು ಕಡಿಮೆ. ಅವನು ನನಗೆ ಹೇಳಿದ್ದು ಒಂದೇ ಮಾತು: "ಈ ಕಲ್ಲನ್ನ ನೀರು ತಿಂತೈತ್ರಿ. ತಿಂದ ತಿಂದ ಒಳಗ ಪೊಳ್ಳ ಮಾಡ್ತೈತಿ. ಮ್ಯಾಲಿನ ಮಾಳಿಗಿ ಎಂದಾರ ಒಂದಿನ ಬೀಳೂದ." ದುಂಡನೆಯ ಹೊಂಡ ಅದು. ಗೋಡೆಗಳು ಒಟ್ಟಿಟ್ಟ ರೊಟ್ಟಿಯ ಹಾಗೆ ಪದರ ಪದರ. ಮಧ್ಯಾಹ್ನದ ಬಿಸಿಲು ನೇರ ಬಿದ್ದಾಗ ತಳದ ಕಲ್ಲುಗಳನ್ನು ಎಣಿಸಬಹುದಿತ್ತು. ಮಣ್ಣು ಬಣ್ಣದ ನೀರನ್ನೇ ನೋಡಿ ಬೆಳೆದ ನಮಗೆ ಆ ನೀಲಿ ನಂಬುವಂತಿರಲಿಲ್ಲ.

ಹೊಲ ಆಕೆಯದು, ಗಂಡನದಲ್ಲ. ನಾಲ್ಕು ಎಕರೆ. ಮದುವೆಯಾದಾಗ ಆಕೆಯ ಅಪ್ಪ ಉಡಿಯಲ್ಲಿ ಹಾಕಿ ಕೊಟ್ಟದ್ದು. ನಮ್ಮ ಕಡೆ ಹೆಣ್ಣುಮಗಳ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುವುದು ಎಲ್ಲರಿಗೂ ಗೊತ್ತು. ಉಳ್ಳವರು, ಮಗಳ ಮೇಲೆ ಜೀವ ಇಟ್ಟವರು, ಒಂದು ಹಿಡಿ ಹೊಲದ ಮಣ್ಣನ್ನೂ ಹಾಕುತ್ತಿದ್ದರು. ಮಣ್ಣು ಹಾಕಿದರೆ ಹೊಲ ಕೊಟ್ಟಂತೆ. ಆಕೆಗೆ ಒಬ್ಬಳೇ ಮಗಳು. ಅದೇ ಹೊಲವನ್ನು ಅದೇ ರೀತಿ ಮಗಳಿಗೆ ಕೊಡಬೇಕೆಂಬುದು ಆಕೆ ಬದುಕಿನಲ್ಲಿ ಇಟ್ಟುಕೊಂಡಿದ್ದ ಒಂದೇ ಆಸೆ. ಇದನ್ನು ಆಕೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು, ಆದ್ದರಿಂದ ನನಗೂ ಗೊತ್ತಿತ್ತು.

ಹೊಂಡವನ್ನು ಅಳೆದು ಕಾಗದಕ್ಕೆ ತರುವ ಕೆಲಸ ನನಗೆ ಬಂತು. ಉಳಲು ಬಾರದ ನೆಲಕ್ಕೆ ನಮ್ಮ ಖಾತೆಯಲ್ಲಿ ಖರಾಬು ಎನ್ನುತ್ತಾರೆ. ಅದರಲ್ಲಿ ಎರಡು ಜಾತಿ. 'ಅ' ಖರಾಬು ಎಂದರೆ ಕಣ, ಬಂಡೆಗಲ್ಲು ಇಂಥವು; ಉಳದಿದ್ದರೂ ಮಾಲಕಿ ರೈತನದೇ. 'ಬ' ಖರಾಬು ಎಂದರೆ ಹಳ್ಳ, ದಾರಿ, ಮಸಣ, ಊರವರು ನೀರು ತರುವ ಕೆರೆ. ಅದು ಸಾರ್ವಜನಿಕರದು, ಅದಕ್ಕೆ ಹೋಗುವ ದಾರಿಯೂ ಸಾರ್ವಜನಿಕರದು. ಯಾವುದನ್ನು ಬರೆಯಬೇಕು ಎಂಬುದು ಮುಖ್ಯವಾಗಿ ಹೊಲದ ಒಡೆಯರ ಜಬಾಬಿನ ಮೇಲೆ, ಅಂದರೆ ಪಂಚರ ಮುಂದೆ ಅವರು ಕೊಡುವ ಹೇಳಿಕೆಯ ಮೇಲೆ ನಿಂತಿತ್ತು.

ಹೊರಡುವ ಮುಂಚೆ ನನ್ನ ಸಾಹೇಬರು ಕರೆದು ಕೂರಿಸಿ ಚಹಾ ತರಿಸಿದರು. ಅವರು ಚಹಾ ತರಿಸುವವರಲ್ಲ.

"ನೋಡ್ರಿ, ಆಕೀದ ಅಂತ ಬರದ್ರ ಅಲ್ಲಿ ಒಂದ ಪಾವಟಿಗಿ ಕಟ್ಟಾಕೂ ಬರೂದಿಲ್ಲ. ಊರಿಂದು ಆತಂದ್ರ, ವಿಜಾಪುರದಾಗ ಗುಮ್ಮಟ ನೋಡಾಕ ಬಂದ ಮಂದಿ ಇಲ್ಲಿಗೂ ಬರ್ತಾರ. ನಾಕ ಮಂದಿಗೆ ಛಲೋ ಆಕ್ಕೈತಿ," ಎಂದರು. ಆಮೇಲೆ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ನಾ ಏನೂ ಹೇಳಿಲ್ಲ ಮತ್ತ. ಜಬಾಬು ಹೆಂಗ ಬರ್ತೈತಿ ಹಂಗ," ಎಂದರು.

ಅವರು ಹೇಳಲಿಲ್ಲ ಎಂಬುದು ನಿಜ. ನನಗೆ ಆಗ ಇಪ್ಪತ್ತಾರು ವರ್ಷ. ಹೇಳದೆ ಇದ್ದದ್ದನ್ನು ಕೇಳಿಸಿಕೊಳ್ಳುವ ಕಿವಿ ಚೆನ್ನಾಗಿತ್ತು.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ಇಂಡಿಯಲ್ಲಿ ನಮಗೊಂದು ಲಿಂಬಿ ತೋಟ ಇತ್ತು, ಅದರಲ್ಲೊಂದು ಬಾವಿ. ನಮ್ಮ ಅವ್ವ ಬಾವಿಯ ದಂಡೆಯ ಮೇಲೆ ನಿಂತಾಗ "ನಮ್ಮ ನೀರು" ಎಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನೀರಿನ ಎದುರು ನಿಂತು ನನ್ನದು ಎನ್ನಬಾರದು, ಎಂದರೆ ಅದು ಕೇಳಿಸಿಕೊಂಡು ಇಂಗಿಹೋಗುತ್ತದೆ ಎಂಬುದು ಆ ಕಾಲದ ಹೆಣ್ಣುಮಕ್ಕಳ ನಂಬಿಕೆ. ದಂಡೆಯ ಮೇಲೆ ಯಾರೇ ಕೇಳಲಿ, ಗಂಗವ್ವನದು, ಎಲ್ಲರದು ಎಂದೇ ಅನ್ನಬೇಕು. ಹಾಗಂತ ಯಾರೂ ಬಾವಿ ಬಿಟ್ಟುಕೊಡುತ್ತಿರಲಿಲ್ಲ. ನಮ್ಮ ಅಜ್ಜ ತನ್ನ ತಮ್ಮನಿಗೆ ಅರ್ಧ ಬಾವಿ ಬಿಟ್ಟುಕೊಟ್ಟ ದಿನ ಹಿರಿಯರೆಲ್ಲ ದಂಡೆಯಿಂದ ಎದ್ದು, ತೋಟ ದಾಟಿ, ದೂರದ ಬದುವಿನ ಮೇಲೆ ನೀರಿಗೆ ಬೆನ್ನು ಕೊಟ್ಟು ಕೂತು ಪಾಲಿನ ಮಾತು ಆಡಿದ್ದರಂತೆ. ಮಾಲಕಿಯ ಮಾತು ನೀರಿನಿಂದ ದೂರ. ಈ ರಿವಾಜು ನಾಲ್ಕೂ ತಾಲ್ಲೂಕಿನ ರೈತರಿಗೆ ಗೊತ್ತಿತ್ತು. ಸರಪಳಿ ಹಿಡಿದವನಿಗೂ ಗೊತ್ತಿತ್ತು.

ಅಳತೆಯ ದಿನ ಊರಿನ ಐವರು ಪಂಚರು ಬಂದರು. ಬಿಸಿಲು ಸುಡುತ್ತಿತ್ತು. ಸುತ್ತ ಬಾವುಟದ ಕೋಲು ನೆಟ್ಟು, ಸರಪಳಿ ಹಾಸಿ, ಹೊಂಡದ ಮೈಯನ್ನು ಕಾಗದಕ್ಕೆ ಇಳಿಸುವ ಹೊತ್ತಿಗೆ ಮಧ್ಯಾಹ್ನ ಮೀರಿತು. ನನ್ನ ಹೊಟ್ಟೆ ಹಸಿದಿತ್ತು. ಹೊಂಡದ ದಂಡೆಯಲ್ಲೇ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟು, ಮಸಿ ಡಬ್ಬಿ ತೆಗೆದು, ಆಕೆಯನ್ನು ಕರೆದೆ.

"ಯವ್ವಾ, ಈ ಹೊಂಡ ಯಾರದು?"

ಆಕೆ ನನ್ನ ಮುಖ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ನೀರಿಗೆ ಕೈ ಮುಗಿದಳು.

"ನಮ್ದ ಅಂತ ಹೆಂಗ ಅನ್ನೂದ್ರಿ? ಗಂಗವ್ವಂದು. ಊರ ಮಂದಿ ಎಲ್ಲಾರೂ ತುಂಬ್ಕೊಂಡು ಹೋಗ್ಲಿ."

ಪಂಚರಲ್ಲಿ ಹಿರಿಯನಾದ ಒಬ್ಬ ಮುದುಕ ಕೆಮ್ಮಿದ. "ಸಾಹೇಬ್ರ, ಆ ಬೇವಿನ ಗಿಡದ ಬುಡಕ ಹೋಗೂಣ್ರಿ. ಅಲ್ಲಿ ನೆಳ್ಳ ಐತಿ. ಅಲ್ಲೇ ಕುಂತು ಬರ್ಕೋಳ್ರಿ," ಎಂದ.

ಅವನು ನೆರಳಿನ ಸಲುವಾಗಿ ಹೇಳಲಿಲ್ಲ. ಬೇವಿನ ಗಿಡ ಹೊಲದ ತುದಿಗೆ, ನೀರು ಕಾಣದ ಜಾಗದಲ್ಲಿತ್ತು. ಸರಕಾರದ ಮನುಷ್ಯನಿಗೆ ನಾಲ್ಕು ಜನರ ಮುಂದೆ ಬುದ್ಧಿ ಹೇಳಬಾರದು ಎಂಬ ಮರ್ಯಾದೆಯಲ್ಲಿ, ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗಿ ಇನ್ನೊಮ್ಮೆ ಕೇಳು ಎಂದು ಅವನು ನನಗೆ ಹೇಳುತ್ತಿದ್ದ. ಅದು ನನಗೆ ಆ ಕ್ಷಣವೇ ತಿಳಿಯಿತು.

"ಇದೊಂದು ಬರದು ಮುಗಿಸಿ ಹೋಗೂಣ," ಎಂದೆ.

ಬರೆದೆ. ಅಕ್ಷರ ನನ್ನದು ಮುತ್ತಿನ ಹಾಗೆ. 'ಸದರ ಹೊಂಡದ ಮೇಲೆ ನನ್ನ ಯಾವುದೇ ಹಕ್ಕು ಇರುವುದಿಲ್ಲ. ಸಾರ್ವಜನಿಕರು ಉಪಯೋಗಿಸಿಕೊಳ್ಳಲು ನನ್ನ ತಕರಾರು ಇರುವುದಿಲ್ಲ.' ಕಚೇರಿಯ ಕನ್ನಡದಲ್ಲಿ, ಉಸಿರು ಬಿಡದೆ ಓದಿ ಹೇಳಿದೆ. ಆಕೆ ನೀರಿನ ಕಡೆ ಮುಖ ಮಾಡಿಯೇ ಕೇಳಿದಳು. ದಂಡೆಯ ಮೇಲೆ ನಿಂತವಳು ಅದಕ್ಕೆ ಇಲ್ಲ ಎನ್ನುವುದಾದರೂ ಹೇಗೆ? ಹೆಬ್ಬೆಟ್ಟು ಒತ್ತಿದಳು. ಪಂಚರೂ ಒತ್ತಿದರು. ಆ ಮುದುಕ ಕೊನೆಗೆ ಒತ್ತಿದ.

ಆಮೇಲೆ ಬೇವಿನ ಗಿಡಕ್ಕೆ ಹೋದೆವು. ಅಲ್ಲಿ ಕೂತದ್ದೇ ತಡ, ಆಕೆಯ ದನಿಯೇ ಬದಲಾಯಿತು. ಸೊಂಟದ ಮೇಲೆ ಕೈ ಇಟ್ಟು ಒಡತಿಯ ಹಾಗೆ ಮಾತಾಡಿದಳು: "ನೋಡ್ರಿ ಸಾಹೇಬ್ರ, ಹೊಂಡದ ಸುತ್ತ ನಾ ಮುಳ್ಳಿನ ಬೇಲಿ ಹಾಕ್ತೇನಿ. ಒಂದ ಮಗ್ಗಲಾ ಬಿಡ್ತೇನಿ, ನೀರಿಗೆ ಬರಾವ್ರು ಬರ್ಲಿ. ಹಾದಿ ಮಾತ್ರ ಬದುವಿನ ಗುಂಟ. ನಡು ಹೊಲ್ದಾಗ ಯಾರೂ ಕಾಲಿಡಬಾರ್ದು. ಇದು ನನ್ನ ಮಗಳ ಉಡ್ಯಾಗ ಹಾಕೂ ಹೊಲ."

ಇದು ಜಬಾಬು. ಬರೆಯಬೇಕಾಗಿದ್ದ ಜಬಾಬು ಇದೇ. ನಾನು ಆಗಲೇ ಮಸಿ ಡಬ್ಬಿ ಮುಚ್ಚಿದ್ದೆ. ಒಂದು ಹಾಳೆ ಹರಿದು ಹಾಕಿ ಇನ್ನೊಂದು ಬರೆಯಲು ಎಷ್ಟು ಹೊತ್ತು ಬೇಕಿತ್ತು? ಕಾಲು ತಾಸು.

"ಆಗ್ಲಿ ಯವ್ವಾ," ಎಂದೆ. ಬುತ್ತಿ ಬಿಚ್ಚಿದೆ.

ನಕಾಶೆಯನ್ನು ಬಣ್ಣ ಹಾಕಿ ಬರೆದುಕೊಟ್ಟೆ. ಹೊಂಡ ನೀಲಿ, ಹೊಲ ಹಸಿರು, ರಸ್ತೆಯಿಂದ ಹೊಂಡಕ್ಕೆ ನಡುಹೊಲದಲ್ಲಿ ನೆಟ್ಟಗೆ ಎಳೆದ ದಾರಿ ಕೆಂಪು. ಬದುವಿನ ಗುಂಟ ಎಳೆದಿದ್ದರೆ ದಾರಿ ಸೊಟ್ಟಗಾಗುತ್ತಿತ್ತು. ಸಾಹೇಬರು ಅದನ್ನು ಗಾಜು ಹಾಕಿಸಿ ತೂಗುಹಾಕಿದರು, ಬಂದವರಿಗೆಲ್ಲ ತೋರಿಸಿದರು. ನಾನು ಉಬ್ಬಿಹೋದೆ.

ಆ ತಿಂಗಳು ಇಂಡಿಗೆ ಹೋದಾಗ ಅವ್ವನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ನೀಲಿ ನೀರು, ಸಾಹೇಬರು ಕೊಟ್ಟ ಶಾಬಾಸಗಿರಿ, ಆ ಹೆಣ್ಣುಮಗಳು ದೊಡ್ಡ ಮನಸ್ಸಿನಿಂದ ಹೊಂಡವನ್ನು ಊರಿಗೆ ಬಿಟ್ಟುಕೊಟ್ಟದ್ದು. ದೊಡ್ಡ ಮನಸ್ಸು ಎಂದೇ ಹೇಳಿದೆ. ನನಗೆ ನಾನೇ ಅಷ್ಟರಮಟ್ಟಿಗೆ ಹೇಳಿಕೊಂಡಿದ್ದೆ. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಟ್ಟಳು.

"ಎಲ್ಲಿ ನಿಂತು ಕೇಳಿದಿ?"

"ಅಲ್ಲೇ. ದಂಡಿ ಮ್ಯಾಲ."

"ದಂಡಿ ಮ್ಯಾಲ ನಿಂತು ಕೇಳಿದಿ?" ಎಂದಳು. ಅಷ್ಟೇ. ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು. ಆ ಸಲ ನಾನು ಊರಲ್ಲಿದ್ದ ಎರಡು ದಿನ ಅವ್ವ ನನ್ನ ಜೊತೆ ಊಟ ಆಯಿತೇ, ಸ್ನಾನ ಆಯಿತೇ ಎನ್ನುವುದರಾಚೆ ಮಾತಾಡಲಿಲ್ಲ.

ಮರುವರ್ಷ ಹೊಂಡಕ್ಕೆ ಇಳಿಯಲು ಪಾವಟಿಗೆ ಆದವು. ಕಬ್ಬಿಣದ ಪೈಪಿನ ಕಟಾಂಜನ ಬಂತು, ರಸ್ತೆಯ ಮೇಲೆ 'ಪ್ರೇಕ್ಷಣೀಯ ಸ್ಥಳ' ಎಂದು ಫಲಕ ಬಂತು. ಹಿಂದೆಯೇ ಮಂದಿ ಬಂದರು. ಹೂವಿನ ಹಿಪ್ಪರಗಿಯ ಕಡೆಯಿಂದ ಸಾಲಿ ಹುಡುಗರು ಮಾಸ್ತರರ ಜೊತೆ ಬಂದರು, ಮಸೂತಿ ಎಂಬ ಊರಿನಿಂದ ಟ್ರ್ಯಾಕ್ಟರಿನಲ್ಲಿ ಹೊಸ ಮದುಮಕ್ಕಳು ಬಂದರು. ಕೃಷ್ಣೆಯ ದಂಡೆಯಲ್ಲೇ ಹುಟ್ಟಿ, ಅದೇ ಹೊಳೆಯಲ್ಲಿ ಎಮ್ಮೆ ಮೈ ತೊಳೆದು ಬೆಳೆದ ಕೊಲ್ಹಾರದವರೂ ಚಕ್ಕಡಿ ಕಟ್ಟಿಕೊಂಡು ಈ ತಟಕು ನೀರು ನೋಡಲು ಬಂದರೆಂದರೆ ಇನ್ನೇನು ಹೇಳಲಿ! ಬಂದವರೆಲ್ಲ ಮೊದಲು ಒಂದು ಕಲ್ಲು ಎತ್ತಿ ಒಳಗೆ ಎಸೆಯುತ್ತಿದ್ದರು. ಆಳ ಎಷ್ಟಿದೆ ಎಂದು ಅದರಿಂದ ಯಾರಿಗೆ ತಿಳಿಯಿತೋ ದೇವರೇ ಬಲ್ಲ.

ಪಕ್ಕದ ಹೊಲದವನ ನೆಲ ರಸ್ತೆಗೆ ಹತ್ತಿತ್ತು. ಬರೀ ಬಂಡೆ, ಕುರಿ ಕೂಡ ಅಲ್ಲಿ ನಿಲ್ಲುತ್ತಿರಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬುದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತಗಡು ಹಾಕಿ ಚಹಾದ ಅಂಗಡಿ ಇಟ್ಟ, ಚುರುಮುರಿ ಭಜಿ ಶುರು ಮಾಡಿದ. ಗಾಡಿ ನಿಲ್ಲಿಸಲು ಜಾಗ ಮಾಡಿದ. ತಾಳಿಕೋಟಿಯ ವ್ಯಾಪಾರಸ್ಥರು ಬಂದು ಅವನ ಬಂಡೆಗೆ ಎರೆಹೊಲದ ಬೆಲೆ ಹೇಳಿದರು. ಅವನು ಕೊಡಲಿಲ್ಲ, ನಕ್ಕ.

ಆಕೆಯ ಹೊಲದ ಗತಿ ತಿರುಗಮುರುಗ ಆಯಿತು. ನಾನು ಕೆಂಪು ಮಸಿಯಲ್ಲಿ ಎಳೆದ ದಾರಿ ಚಕ್ಕಡಿ ಅಗಲದ್ದು. ಟ್ರ್ಯಾಕ್ಟರ್ ಬಂದ ಮೇಲೆ ಅದು ಎರಡು ಚಕ್ಕಡಿಯಷ್ಟಾಯಿತು, ಎದುರಿನಿಂದ ಇನ್ನೊಂದು ಬಂದರೆ ಜೋಳದೊಳಗೆ ಇಳಿಯಿತು. ಹೊಲ ಎರಡು ತುಂಡಾಗಿ, ಕುಂಟೆ ಹೊಡೆಯುವಾಗ ಎತ್ತು ತಿರುಗಿಸಲು ಜಾಗವಿಲ್ಲದಂತಾಯಿತು. ಆಕೆ ದಾರಿಯ ಎರಡೂ ಕಡೆ ಜಾಲಿಮುಳ್ಳು ಹಾಕಿದಳು. ಸಾರ್ವಜನಿಕ ದಾರಿಗೆ ಅಡ್ಡಿ ಎಂದು ತಕರಾರು ಹೋಗಿ ಅದನ್ನು ತೆಗೆಸಿದರು.

ಎಳ್ಳಮಾಸಿಯ ದಿನ ನಾನೂ ಹೋದೆ. ಆಗಷ್ಟೇ ನನ್ನ ಮದುವೆಯಾಗಿತ್ತು, ಹೆಂಡತಿಗೆ ನನ್ನ ಹೊಂಡ ತೋರಿಸಬೇಕಿತ್ತು. ನನ್ನ ಹೊಂಡ ಎಂದೇ ಮನಸ್ಸಿನಲ್ಲಿ ಅನ್ನುತ್ತಿದ್ದೆ, ನೋಡಿ. ಎಳ್ಳಮಾಸಿಗೆ ನಮ್ಮಲ್ಲಿ ಎಲ್ಲರೂ ತಮ್ಮ ತಮ್ಮ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಹಿಡಿದು, ಕಡುಬು, ಭಜ್ಜಿಪಲ್ಯವನ್ನು ಬೆಳೆಯ ನಡುವೆ ಚೆಲ್ಲುತ್ತಾರೆ, ಅದು ಚರಗ. ಚರಗ ಚೆಲ್ಲುವುದು ಒಡೆಯರ ಕೆಲಸ. ಆ ದಿನ ಹತ್ತೂರಿನ ಮಂದಿ ತಮ್ಮ ಹೊಲ ಬಿಟ್ಟು ಇಲ್ಲಿ ಬಂದು ನೆರೆದಿದ್ದರು. ಯಾರು ಯಾರೋ ಆಕೆಯ ಜೋಳದಲ್ಲಿ ಎದೆಮಟ್ಟ ಹೊಕ್ಕು ತಾವೇ ಚರಗ ಚೆಲ್ಲುತ್ತಿದ್ದರು. ಉಂಡ ಎಲೆಗಳನ್ನು ಅಲ್ಲೇ ಬಿಸಾಡಿದ್ದರು.

ಆಕೆ ಬದುವಿನ ಮೇಲೆ ನಿಂತಿದ್ದಳು, ಹಕ್ಕಿ ಹೊಡೆಯುವ ಕವಣೆ ಕೈಯಲ್ಲಿತ್ತು. ಪಕ್ಕದಲ್ಲಿ ಮಗಳು, ಮುಚ್ಚಿದ ಬುಟ್ಟಿ ಹಿಡಿದುಕೊಂಡು. ನಮ್ಮನ್ನು ನೋಡಿ ಆಕೆ ನಕ್ಕಳು.

"ಬರ್ರಿ ಸಾಹೇಬ್ರ. ಆರಾಮ ಅದೀರಿ?"

"ಆರಾಮ್ರಿ. ಕವಣಿ ಹಿಡ್ಕೊಂಡು ನಿಂತೀರಲ್ಲ?"

"ಹಕ್ಕಿ ಆದ್ರ ಹೊಡೀಬಹುದ್ರಿ. ಮಂದೀನ ಹೊಡ್ಯಾಕ ಬರೂದಿಲ್ಲ," ಎಂದಳು. ಆಮೇಲೆ ಮೆಲ್ಲಗೆ, "ಆವತ್ತ ಹಾದಿ ಬದುವಿನ ಗುಂಟ ಅಂದಾಗ ನೀವು ಆಗ್ಲಿ ಅಂದಿದ್ರಿ," ಎಂದಳು.

ನಾನು ನೋಡುತ್ತೇನೆ, ಮಾತಾಡುತ್ತೇನೆ ಎಂದೇನೋ ಬಡಬಡಿಸಿದೆ. ಹೆಂಡತಿ ದಾರಿಯುದ್ದಕ್ಕೂ ಹೊಂಡದ ಚೆಲುವನ್ನು ಹೊಗಳುತ್ತ ಬಂದಳು. ಹಾದಿ ಬದುವಿನ ಗುಂಟ ಎಂದರೆ ಏನು ಎಂದು ಬಸ್ಸಿನಲ್ಲಿ ಕೇಳಿದಳು. ಏನಿಲ್ಲ, ಸುಮ್ಮನೆ ಕೂಡು ಎಂದು ಗದರಿದೆ. ಮದುವೆಯಾದ ಮೇಲೆ ಆಕೆಯನ್ನು ಗದರಿದ್ದು ಅದೇ ಮೊದಲು.

ಮಗಳಿಗೆ ಒಂದು ಸಂಬಂಧ ಬಂತಂತೆ. ಗಂಡಿನ ಕಡೆಯವರು ಹೊಲ ನೋಡಲು ಬಂದು, ಭಾನುವಾರದ ಮಂದಿಯ ನಡುವೆ ನಿಂತು, ಇದು ಹೊಲವೋ ಸಂತೆಯೋ ಎಂದು ಕೇಳಿ ಹೋದರಂತೆ. ಆಮೇಲೆ ಆಕೆ ಉತಾರ, ಅಂದರೆ ಹೊಲದ ಪಹಣಿಯ ನಕಲು ತೆಗೆಸಿದಳು. ಹೊಂಡ, ದಾರಿ ಎರಡೂ ತನ್ನ ಹೆಸರಿನಿಂದ ಹೋಗಿವೆ, ತನ್ನದೇ ಹೆಬ್ಬೆಟ್ಟಿನ ಮೇಲೆ ಹೋಗಿವೆ ಎಂಬುದು ಆಗ ಆಕೆಗೆ ಪೂರ್ತಿ ಗೊತ್ತಾಯಿತು. ಮೇಲಿನ ಸಾಹೇಬರಿಗೆ ಅರ್ಜಿ ಕೊಟ್ಟಳು. ಅಳತೆಯಾಗಿ ಮೂರು ವರ್ಷ ಕಳೆದಿತ್ತು. ನಾನು ಆಗ ಬಸವನ ಬಾಗೇವಾಡಿಯಲ್ಲಿದ್ದೆ. ಬಡತಿಯ ಮೇಲೆ ಸಿಂದಗಿಗೆ ಹೋಗುವವರ ಯಾದಿಯಲ್ಲಿ ನನ್ನ ಹೆಸರಿತ್ತು.

ಮೇಲಿನ ಸಾಹೇಬರು ಬಾಗೇವಾಡಿಯಲ್ಲಿ ಕ್ಯಾಂಪು ಇಟ್ಟ ದಿನ ವಿಚಾರಣೆ ಬಂತು. ನನ್ನನ್ನು ಕರೆಸಿದರು. ಆಕೆ ಒಬ್ಬಳೇ ಬಂದಿದ್ದಳು. ಗಂಡನಿಗೆ ಗಣಿಯ ರಜೆ ಸಿಕ್ಕಿರಲಿಲ್ಲ. ಸಾಹೇಬರು ನಾನು ಬರೆದ ಕಾಗದ ಕೈಯಲ್ಲಿ ಹಿಡಿದು ನನ್ನನ್ನು ಕೇಳಿದರು: "ಈಕೆ ಹೀಗೆ ಹೇಳಿದ್ದು ಖರೆ ಏನು?"

"ಖರೇರಿ," ಎಂದೆ.

ಆಕೆಯನ್ನು ಕೇಳಿದರು: "ಎಲ್ಲರದೂ ಅಂತ ಹೇಳಿದ್ದೇನವ್ವ?"

"ಹೇಳೇನ್ರಿ."

"ಮತ್ತೆ ಈಗ ನಂದು ಅಂತೀಯಲ್ಲ, ಆಗ ಯಾಕೆ ಹಾಗೆ ಹೇಳಿದೆ?"

ಆಕೆ ನನ್ನ ಕಡೆ ತಿರುಗಿದಳು. ಸಾಹೇಬರು ಧಾರವಾಡದ ಆಚೆಯ ಊರಿನವರು, ಓದಿದವರು. ನೀರಿನ ಎದುರು ನನ್ನದು ಎನ್ನಬಾರದು ಎಂಬ ಮಾತನ್ನು ಅವರಿಗೆ ಆಕೆ ಹೇಳಿದರೆ ಗಾವಿಲಿಯ ಮಾತಾಗುತ್ತದೆ, ನಾನು ಹೇಳಿದರೆ ಸಾಕ್ಷಿಯಾಗುತ್ತದೆ ಎಂದು ಆಕೆಗೆ ತಿಳಿದಿತ್ತು. ಮೂರು ಮಾತು ಸಾಕಿತ್ತು. ಸಾಹೇಬರೇ, ಇದು ಈ ಕಡೆಯ ರಿವಾಜು, ನನಗೆ ಗೊತ್ತಿತ್ತು, ಗೊತ್ತಿದ್ದೂ ದಂಡೆಯ ಮೇಲೆ ಕೇಳಿದೆ. ಅಷ್ಟು ಹೇಳಿದ್ದರೆ ನನ್ನ ಮೇಲೆ ಚೌಕಶಿ ಕೂಡುತ್ತಿತ್ತು, ಬಡತಿ ತಪ್ಪುತ್ತಿತ್ತು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ. ಸಾಹೇಬರು ಬರೆದರು, ಅರ್ಜಿ ವಜಾ ಆಯಿತು. ಬೇಕಾದರೆ ಇನ್ನೂ ಮೇಲೆ ಅಪೀಲು ಹೋಗಬಹುದು, ಕಾರಣ ಬರೆದುಕೊಡಬೇಕು ಎಂದು ಆಕೆಗೆ ಸಮಾಧಾನದಿಂದಲೇ ಹೇಳಿದರು.

ಹೊರಗೆ ಹುಣಸೆ ಮರದ ಕೆಳಗೆ ಆಕೆ ನನಗಾಗಿ ಕಾದಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಸಾಹೇಬ್ರ, ನನಗ ಬರ್ಯಾಕ ಬರೂದಿಲ್ಲ. ಅಪೀಲಿನ ಅರ್ಜಿ ನೀವ ಬರಕೊಡ್ರಿ. ನಿಮ್ಮ ಅಕ್ಷರ ಛಲೋ ಅದಾವ," ಎಂದಳು. ಬಿಳಿ ಕಾಗದವನ್ನೂ ಅರ್ಜಿಗೆ ಹಚ್ಚುವ ತಿಕೀಟನ್ನೂ ಆಕೆ ಮೊದಲೇ ಕೊಂಡು ತಂದಿದ್ದಳು. ಅಂದರೆ ಒಳಗೆ ಏನಾಗುತ್ತದೆ ಎಂದು ಆಕೆಗೆ ಅಂದಾಜು ಇತ್ತು.

ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ದಾರಿ ಸಿಕ್ಕಿತು ಎನಿಸಿತು. ಮರದ ಕಟ್ಟೆಯ ಮೇಲೆ ಕೂತು ಬಲು ಕಾಳಜಿಯಿಂದ ಬರೆದೆ. ಹೊಲದ ವಿವರ, ಉಡಿಯಲ್ಲಿ ಬಂದದ್ದು, ಮಗಳ ಸಂಗತಿ ಎಲ್ಲ ಬರೆದೆ. ಕಾರಣದ ಜಾಗ ಬಂದಾಗ ನನ್ನ ಕೈಗೆ ಅಭ್ಯಾಸವಾಗಿದ್ದ ಸಾಲೇ ಬಂತು: 'ನಾನು ಅನಕ್ಷರಸ್ಥಳಾಗಿದ್ದು, ಅಜ್ಞಾನದಿಂದ ಸದರ ಹೇಳಿಕೆ ಕೊಟ್ಟಿರುತ್ತೇನೆ.' ಕಚೇರಿಗಳಲ್ಲಿ ಈ ಸಾಲಿಗೆ ಬೆಲೆ ಇತ್ತು. ಅಜ್ಞಾನ ಎಂದರೆ ಸಾಹೇಬರುಗಳ ಮನಸ್ಸು ಕರಗುತ್ತಿತ್ತು. ಎಷ್ಟೋ ಜನರ ಕೆಲಸ ಅದರಿಂದ ಆದದ್ದನ್ನು ನಾನೇ ಕಂಡಿದ್ದೆ.

ಈ ಸಲ ನಿಧಾನವಾಗಿ ಓದಿ ಹೇಳಿದೆ. ಆಕೆ ಕಣ್ಣು ಮುಚ್ಚಿ ಕೇಳಿದಳು. ಆ ಸಾಲಿಗೆ ಬಂದಾಗ ಕಣ್ಣು ತೆರೆದಳು.

"ಅಜ್ಞಾನ ಅಂದ್ರ ತಿಳೀದ ಹೇಳೇನಿ ಅಂತೇನ್ರಿ?"

"ಹೌದ್ರಿ. ಹಂಗ ಬರದ್ರ ಕೆಲಸ ಆಕ್ಕೈತಿ."

"ನಾ ತಿಳೀದ ಹೇಳಿಲ್ಲ. ತಿಳದ ಹೇಳೇನಿ. ನಾಳೆ ನನ್ನ ಮಗಳು ದಂಡಿ ಮ್ಯಾಲ ನಿಂತ್ರೂ ಹಂಗ ಹೇಳ್ಬೇಕು. ಅದನ್ನ ದಡ್ಡತನ ಅಂತ ಬರದು ಬಟ್ಟ ಒತ್ತಿದ್ರ, ಆಕೀ ಉಡ್ಯಾಗ ಏನ್ ಹಾಕ್ಲಿ ನಾ?"

ನಾನು ವಾದಿಸಿದೆ. ಇದು ಬರೀ ಕಾಗದ, ಮನಸ್ಸಿನಲ್ಲಿ ಏನಿ‍ದ್ದರೂ ಇರಲಿ, ಹೊಲ ಉಳಿಯುವುದು ಮುಖ್ಯ ಎಂದೆ. ಆಕೆ ತಲೆ ಅಲ್ಲಾಡಿಸಿದಳು. ಆಮೇಲೆ ಒಂದಿಷ್ಟೂ ಸಿಟ್ಟಿಲ್ಲದೆ, ಗಿಡದ ಬುಡದಲ್ಲಿ ನೆರಳಿದೆ ಎಂದು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು:

"ನಿಮಗ ಗೊತ್ತಿತ್ತಲ್ರಿ ಸಾಹೇಬ್ರ. ನೀವೂ ಈ ಕಡೀ ಮಂದಿ. ಸರ್ವೇ ಮಾಡಾವಗ ಗೊತ್ತಿತ್ತು ಅಂತ ಬರೀರಿ. ಅದಕ್ಕ ಬಟ್ಟ ಒತ್ತತೇನಿ."

ಪೆನ್ನು ಕೈಯಲ್ಲಿತ್ತು. ಕಾಗದದ ಮೇಲೆ ಇನ್ನೂ ಅರ್ಧ ಪುಟ ಜಾಗ ಇತ್ತು. ಸುತ್ತ ಯಾರೂ ಇರಲಿಲ್ಲ, ಅವಸರವಿರಲಿಲ್ಲ, ಹೊಟ್ಟೆ ಹಸಿದಿರಲಿಲ್ಲ. ದಂಡೆಯ ಮೇಲಿನ ಆ ದಿನಕ್ಕೆ ಹೇಳಿಕೊಂಡ ಒಂದು ನೆವವೂ ಇಲ್ಲಿ ಉಳಿದಿರಲಿಲ್ಲ. ನಾನು ಪೆನ್ನಿಗೆ ಟೋಪಿ ಹಾಕಿ ಜೇಬಿನಲ್ಲಿ ಇಟ್ಟುಕೊಂಡೆ.

ಆಕೆ ನನ್ನ ಜೇಬಿನ ಕಡೆ ನೋಡಿದಳು. ಬರೆದ ಕಾಗದವನ್ನು ನನ್ನ ಕಡೆಗೇ ಸರಿಸಿದಳು. ತಿಕೀಟನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಬರ್ತೇನ್ರಿ," ಎಂದು ಬಸ್ ನಿಲ್ದಾಣದ ಕಡೆ ನಡೆದಳು.

ಅಪೀಲು ಹೋಗಲಿಲ್ಲ. ಆ ಬೇಸಿಗೆಯಲ್ಲಿ ಹೊಲವನ್ನು ಪಕ್ಕದವನೇ ತನ್ನ ಬೆಲೆಗೆ ಕೊಂಡ; ನಡುವೆ ಮಂದಿಯ ದಾರಿ ಇದ್ದ ಹೊಲಕ್ಕೆ ಬೇರೆ ಯಾರೂ ಬರಲಿಲ್ಲ. ಮಗಳ ಮದುವೆ ಹೇಗಾಯಿತು, ಉಡಿಯಲ್ಲಿ ಏನು ಹಾಕಿದರು ಎಂದು ನಾನು ವಿಚಾರಿಸಲಿಲ್ಲ. ವಿಚಾರಿಸಬಹುದಿತ್ತು, ಸಿಂದಗಿಯಿಂದ ಅಷ್ಟೇನೂ ದೂರವಲ್ಲ. ಹೌದು, ನನಗೆ ಬಡತಿ ಸಿಕ್ಕಿತ್ತು. ನಾಲ್ಕೈದು ವರ್ಷದಲ್ಲಿ ಎಸೆದ ಕಲ್ಲು, ಕಾಯಿಯ ಚಿಪ್ಪು, ಸಾಬೂನಿನಿಂದ ನೀರು ಹಸಿರುಗಟ್ಟಿ, ನೋಡುವ ಮಂದಿ ಬರುವುದನ್ನು ಬಿಟ್ಟರು. ಕಟಾಂಜನದ ಪೈಪುಗಳನ್ನು ಯಾರೋ ಕಿತ್ತುಕೊಂಡು ಹೋದರು. ಉಳಿದದ್ದು ಕಚೇರಿಯ ಕಾಗದದಲ್ಲಿ ನನ್ನ ಕೈಬರಹ ಒಂದೇ.

ನನಗೆ ಗೊತ್ತಿತ್ತು. ಆಕೆ ಬರೆಯಲು ಹೇಳಿದ್ದ ಸಾಲು ಇದು, ಈಗ ಬರೆದಿದ್ದೇನೆ. ಇದಕ್ಕೆ ಹೆಬ್ಬೆಟ್ಟು ಒತ್ತುವವರು ಈಗ ಯಾರೂ ಇಲ್ಲ.